ಸಕ್ಕರೆಯ ಪಡಿತರ ಕಲಿಸಿದ ಪಾಠ

ಲೋಲಕದ ಆಂದೋಲನಾವಧಿ ಅದರ ಉದ್ದವನ್ನು ಅವಲಂಬಿಸಿದೆಯೆ ಎಂದು ಪರೀಕ್ಷಿಸುವಾಗ ನಾವು ದಾರದ ಉದ್ದವನ್ನು ಮಾತ್ರ ಬದಲಿಸುತ್ತೇವೆ. ಉಳಿದುದೆಲ್ಲವೂ ಇದ್ದಂತೆಯೇ ಇರಬೇಕು. ಅತಿಯಾದ ಸಕ್ಕರೆಯಿಂದ ದೇಹಕ್ಕೆ ಕೇಡುಂಟೆ ಎಂಬ ಪ್ರಶ್ನೆಗೆ ಈ ರೀತಿ ಉತ್ತರ ಪಡೆಯುವುದು ಕಷ್ಟ. ಸಾವಿರಾರು ಶಿಶುಗಳಲ್ಲಿ ಅರ್ಧ ಮಂದಿಗೆ ಹೆಚ್ಚು ಸಕ್ಕರೆ ಉಣಿಸಿ, ಅವರಿಗೆ ಐವತ್ತು ವರ್ಷ ತುಂಬುವವರೆಗೆ ಕಾಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ.

ಆದರೆ ಮನುಷ್ಯನು ಮಾಡಬಾರದ ಈ ಪ್ರಯೋಗವನ್ನು ಇತಿಹಾಸವು ತಾನಾಗಿ ಮಾಡಿತು. ಎರಡನೆಯ ಮಹಾಯುದ್ಧದ ನಿಮಿತ್ತ ಬ್ರಿಟನ್ನಿನ ಸರ್ಕಾರವು 1940ರ ಜನವರಿಯಲ್ಲಿ ಸಕ್ಕರೆಗೆ ಪಡಿತರವನ್ನು ವಿಧಿಸಿತು. ಯುದ್ಧ ಮುಗಿದ ಮೇಲೂ ಈ ನಿರ್ಬಂಧ 1953ರ ಸೆಪ್ಟೆಂಬರಿನವರೆಗೆ ಉಳಿಯಿತು. ಅದು ತೊಲಗಿದೊಡನೆ, ತಲೆಗೆ ದಿನಕ್ಕೆ ಸುಮಾರು 40 ಗ್ರಾಂ ಇದ್ದ ಸಕ್ಕರೆಯ ಬಳಕೆ ಬೇಗನೆ ಸುಮಾರು 80 ಗ್ರಾಮಿಗೇರಿತು. ಇತರ ಆಹಾರಗಳಲ್ಲಿ ಇಂಥ ಜಿಗಿತ ಕಾಣಲಿಲ್ಲ. ಹೀಗೆ, ಒಂದೇ ನಾಡಿನಲ್ಲಿ ಸ್ವಲ್ಪವೇ ಕಾಲದ ಅಂತರದಲ್ಲಿ ಜನಿಸಿದ ಮಕ್ಕಳು ಎರಡು ಗುಂಪುಗಳಾದರು.

1951ರಿಂದ 1956ರ ನಡುವೆ ಜನಿಸಿದ ಸುಮಾರು 60,000 ಮಂದಿಯ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭಧಾರಣೆಯಿಂದ ಮೊದಲ 1,000 ದಿನಗಳನ್ನು ಪಡಿತರದ ಕಾಲದಲ್ಲಿ ಕಳೆದವರಿಗೆ ಎರಡನೆಯ ಬಗೆಯ ಮಧುಮೇಹದ ಸಂಭವ ಸುಮಾರು ಶೇಕಡ 35ರಷ್ಟೂ ಅಧಿಕ ರಕ್ತದೊತ್ತಡದ ಸಂಭವ ಸುಮಾರು ಶೇಕಡ 20ರಷ್ಟೂ ಕಡಮೆಯಾಗಿದ್ದವು. ಈ ರಕ್ಷಣೆಯ ಮೂರರಲ್ಲೊಂದು ಪಾಲು ಅವರು ತಾಯಿಯ ಗರ್ಭದಲ್ಲಿದ್ದಾಗಲೇ ದೊರೆತಿತ್ತು! ಪ್ರಯೋಗಶಾಲೆಯ ಬಿಗಿ ಈ ಹೋಲಿಕೆಗೆ ಇಲ್ಲ, ನಿಜ. ಆದರೂ ಇದನ್ನು ಕಡೆಗಣಿಸಲಾಗದು.

ಸಕ್ಕರೆ ಕೆಡಕು ಮಾಡುವುದು ಹೇಗೆ? ಅದು ಜೀರ್ಣವಾದಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆಯುತ್ತದೆ. ಗ್ಲೂಕೋಸ್ ರಕ್ತವನ್ನು ಸೇರಿದಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸಿ ಅದನ್ನು ಜೀವಕೋಶಗಳಿಗೆ ಸಾಗಿಸುತ್ತದೆ. ಫ್ರಕ್ಟೋಸ್ ಮಿತಿಮೀರಿದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದು. ಗ್ರಂಥಿಯು ವರ್ಷಗಟ್ಟಲೆ ಹೆಚ್ಚು ದುಡಿದು ಸೋತಾಗ ಮಧುಮೇಹವು ತಲೆದೋರುತ್ತದೆ.

ಹಾಗಾದರೆ ಮಿತಿ ಎಷ್ಟು? ಹೊರಗಿನಿಂದ ಬೆರೆಸಿದ ಸಕ್ಕರೆಯ ಶಕ್ತಿ ದಿನದ ಆಹಾರಶಕ್ತಿಯ ಹತ್ತನೆಯ ಒಂದಂಶಕ್ಕಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಅದರಲ್ಲೂ ಅರ್ಧಕ್ಕಿಳಿಸಿದರೆ ಮತ್ತೂ ಲೇಸು. ಒಂದು ಗ್ರಾಂ ಸಕ್ಕರೆಯಿಂದ 4 ಕಿಲೋಕ್ಯಾಲರಿ ದೊರೆಯುವುದರಿಂದ, 2,000 ಕಿಲೋಕ್ಯಾಲರಿ ಉಣ್ಣುವವನಿಗೆ ಇದು 50 ಗ್ರಾಂ. 300 ಮಿಲಿಲೀಟರ್ ತಂಪು ಪಾನೀಯ ಒಂದರಲ್ಲೇ ಸುಮಾರು 30 ಗ್ರಾಂ ಮುಗಿದುಹೋಗುವುದುಂಟು. ಬೆಲ್ಲವೂ ಜೇನೂ ಈ ಲೆಕ್ಕಕ್ಕೆ ಹೊರತಲ್ಲ.

ನಮ್ಮ ಮೊದಲ ಸಾವಿರ ದಿನಗಳು ಕಳೆದುಹೋದುವು. ಅವನ್ನು ನಾವು ತಿದ್ದಲಾರೆವು. ಆದರೆ ಮನೆಯಲ್ಲಿ ಗರ್ಭಿಣಿಯಾದ ಅಕ್ಕನಿರಬಹುದು, ಹಾಲು ಕುಡಿಯುವ ಕೂಸಿರಬಹುದು. ಆ ಹಾಲಿಗೆ ಸಕ್ಕರೆ ಬೆರೆಸಹೊರಟವರನ್ನು ವಿನಯದಿಂದ ತಡೆಯಲು ವಿದ್ಯಾರ್ಥಿಗಳಾದ ನಿಮ್ಮಿಂದ ಸಾಧ್ಯ.