ಗಾರೆ ಹೋಯಿತು, ಗಾರೆ ಕೆಲಸ ಉಳಿಯಿತು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬುತ್ತಿ ಹಿಡಿದು ಹೊರಟ ಕಟ್ಟಡ ಕೂಲಿಯವರನ್ನು ‘ಯಾವ ಕೆಲ್ಸ?’ ಎಂದು ಕೇಳಿದರೆ ಇವತ್ತೂ ಬರುವ ಉತ್ತರ ‘ಗಾರೆ ಕೆಲ್ಸ’. ಗಾರೆ ಎಂದರೆ ಸುಣ್ಣದ ಗಾರೆ. ಅದನ್ನು ಅರೆಯುತ್ತಿದ್ದ ಕಲ್ಲಿನ ಗಾಣ, ಗಾಣ ಸುತ್ತುತ್ತಿದ್ದ ಎತ್ತು ಎರಡೂ ಮರೆಯಾಗಿವೆ. ಹೊಸದಾಗಿ ಬಂದ ಹುಡುಗನ ಕೈಗೆ ಸಿಗುವುದು ಸಲಿಕೆ, ಬಾಂಡ್ಲಿ, ಸಿಮೆಂಟಿನ ಮೂಟೆ.

ಆ ಗಾರೆಯ ದೊಡ್ಡ ಕಥೆ ಕನ್ನಂಬಾಡಿ ಅಣೆಕಟ್ಟೆಯದು. 1911ರಲ್ಲಿ ಕಟ್ಟೆ ಕೆಲಸ ಶುರುವಾದಾಗ ಸಿಮೆಂಟ್ ಹಡಗಿನಲ್ಲಿ ಬರಬೇಕಿದ್ದ ದುಬಾರಿ ಸರಕು. ವಿಶ್ವೇಶ್ವರಯ್ಯನವರ ಕಾಲದ ಎಂಜಿನಿಯರುಗಳು ಸುರ್ಕಿ ಗಾರೆಯನ್ನೇ ನಂಬಿದರು. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. 8,600 ಅಡಿ ಉದ್ದದ ಕಲ್ಲುಗೋಡೆ ಹಾಗೆ ಎದ್ದು ನಿಂತಿತು. ಕೆಲಸ ಬಿರುಸಾಗಿದ್ದಾಗ ಸುಮಾರು 10,000 ಮಂದಿ ಅಲ್ಲಿ ದುಡಿದರು, ಮಲೇರಿಯಾದ ನಡುವೆ. ಎಂಜಿನಿಯರುಗಳ ಹೆಸರು ಉಳಿದಿದೆ. ತಲೆಯ ಮೇಲೆ ಸಿಂಬೆ ಇಟ್ಟು ಮಂಕರಿ ಹೊತ್ತವರ ಹೆಸರು ಎಲ್ಲೂ ಇಲ್ಲ. ಅದು ನೋವಿನ ಮಾತು.

ಮುಂದೆ ಹುಲಿಕೆರೆ ಸುರಂಗ ಕೊರೆದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಅಷ್ಟರಲ್ಲಿ ಸಿಮೆಂಟೂ ದೇಶದಲ್ಲೇ ತಯಾರಾಗತೊಡಗಿತ್ತು. ಮೆಲ್ಲಗೆ ಗಾರೆಯ ಜಾಗಕ್ಕೆ ಅದೇ ಬಂತು.

ಗಾರೆಗೆ ತಾಳ್ಮೆಯಿತ್ತು. ಬೆಳಿಗ್ಗೆ ಅರೆದದ್ದು ಸಂಜೆವರೆಗೂ ಕೆಲಸಕ್ಕೆ ಬರುತ್ತಿತ್ತು. ಆಳು ಒಂದು ಗಳಿಗೆ ನಿಂತು ಮೇಸ್ತ್ರಿಯ ಕರಣೆ ಹೇಗೆ ಆಡುತ್ತದೆಂದು ನೋಡಬಹುದಿತ್ತು. ಸಿಮೆಂಟಿಗೆ ಅಷ್ಟು ಪುರುಸೊತ್ತಿಲ್ಲ. ಮರಳು ಗುಡ್ಡೆ ಹಾಕಿ, ಸಿಮೆಂಟ್ ಸುರಿದು ಬಣ್ಣ ಒಂದಾಗುವವರೆಗೆ ಮಗುಚಿ, ನಡುವೆ ಗುಂಡಿ ಮಾಡಿ ನೀರು ಬಿಡಬೇಕು. ಕಲಸಿದ ಮಾಲು ಬಿಗಿಯುವ ಮುನ್ನ ಮೇಲಕ್ಕೆ ಹೋಗಬೇಕು. ಮೊದಲ ವಾರವೇ ಹೆಲ್ಪರನ ಬೆರಳಸಂದಿ ಸುಟ್ಟು ಚರ್ಮ ಬಿರಿಯುತ್ತದೆ. ಗಂಡಾಳಾದರೆ ಒಂದು ದಿನ ಕರಣೆ ಹಿಡಿದಾನು. ಅದೇ ಭಾರ ಹೊರುವ ಹೆಣ್ಣಾಳು ಮಾತ್ರ, ಎಷ್ಟು ವರ್ಷ ದುಡಿದರೂ, ಹೆಚ್ಚಾಗಿ ಹೆಣ್ಣಾಳಾಗಿಯೇ ಉಳಿಯುತ್ತಾಳೆ. ಕೂಲಿಯೂ ಕಡಿಮೆ. ಇದನ್ನು ಸಹಜವೆಂದು ಒಪ್ಪಿಕೊಂಡಿರುವುದು ಅನ್ಯಾಯ.

ಕಟ್ಟಡ ಕೂಲಿಯವರಿಗಾಗಿ 1996ರಲ್ಲಿ ಕಾಯ್ದೆ ಬಂತು. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಲೇಬರ್ ಕಾರ್ಡಿಗೆ ಅರ್ಹರು. ಆದರೆ ಇವತ್ತು ಮದ್ದೂರಿನಲ್ಲಿ, ನಾಳೆ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿಯುವವರಿಗೆ ಆ 90 ದಿನದ ಪುರಾವೆ ಕೂಡಿಸುವುದೇ ಇನ್ನೊಂದು ಕೆಲಸ.

ಸಂಜೆ ಮೇಸ್ತ್ರಿ ಕೈತೊಳೆದ ಮೇಲೂ ಹೆಣ್ಣಾಳು ನೀರಿನ ಡ್ರಮ್ಮಿನ ಪಕ್ಕ ಕೂತಿರುತ್ತಾಳೆ. ಬಾಂಡ್ಲಿಯ ತಳಕ್ಕೆ ಮಾಲು ಕಚ್ಚಿಕೊಂಡರೆ ನಾಳೆ ಅದರ ತೂಕವನ್ನೂ ಅವಳೇ ಹೊರಬೇಕು. ತೆಂಗಿನ ನಾರಿನಿಂದ ಉಜ್ಜಿ, ಬಾಂಡ್ಲಿಯನ್ನು ಗೋಡೆಗೆ ಬೋರಲು ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಸ್ಸಿಗೆ ಓಡುತ್ತಾಳೆ.