ವಿದ್ಯುತ್ತು ನೂತ ನೂಲು

ಹತ್ತಿಯನ್ನು ಹಿಂಜಿ, ಹಂಜಿ ಮಾಡಿ, ಎಳೆ ತೆಗೆದು ನೂಲುವ ವಿದ್ಯೆ ಮಾನವನ ಅತಿ ಪ್ರಾಚೀನ ವಿದ್ಯೆಗಳಲ್ಲಿ ಒಂದು. ಮೊಹೆಂಜೊದಾರೊ ಅವಶೇಷಗಳಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ಚೂರು ದೊರೆತಿದೆ. ಅಂದಿನಿಂದ ಇಂದಿನವರೆಗೆ ಕದಿರು ಹೋಗಿ ರಾಟೆ ಬಂದಿತು. ರಾಟೆ ಹೋಗಿ ಗಿರಣಿ ಬಂದಿತು. ಉಪಕರಣಗಳು ಬದಲಾದರೂ ತತ್ತ್ವ ಮಾತ್ರ ಬದಲಾಗಲಿಲ್ಲ. ಎಳೆಯುವುದು, ಹೊಸೆಯುವುದು, ಸುತ್ತುವುದು ಇವೇ ನೂಲುವಿಕೆಯ ಮೂರು ಕ್ರಿಯೆಗಳು. ಕಳೆದ ಶತಮಾನದಲ್ಲಿ ನೈಲಾನ್ ಮೊದಲಾದ ಕೃತಕ ನಾರುಗಳು ಬಂದಾಗಲೂ, ಸಣ್ಣ ರಂಧ್ರಗಳ ಮೂಲಕ ಒತ್ತಿ ಹೊರಡಿಸಿದ ದ್ರವವನ್ನು ಎಳೆದು ತೆಳುವಾಗಿಸುವ ಕೆಲಸವನ್ನು ಯಂತ್ರದ ಉರುಳೆಗಳೇ ಮಾಡಿದವು. ಹೀಗೆ ಎಳೆದ ಎಳೆಗೆ ಒಂದು ಮಿತಿಯುಂಟು. ಮಿತಿ ಮೀರಿ ಎಳೆದರೆ ಅದು ಕಡಿದುಹೋಗುತ್ತದೆ. ಈ ಮಿತಿಯನ್ನು ದಾಟಲು ವಿಜ್ಞಾನಿಗಳು ಕೈಯ ಬಲವನ್ನೂ ಯಂತ್ರದ ಬಲವನ್ನೂ ಬಿಟ್ಟು ವಿದ್ಯುತ್ತಿನ ಬಲವನ್ನು ಆಶ್ರಯಿಸಿದರು. ಪ್ರಯೋಗಶಾಲೆಯ ಈ ಕುತೂಹಲ ಕಾರ್ಖಾನೆಯ ಸರಕಾಗಿ ಮಾರ್ಪಟ್ಟ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗಾತ್ರದ ಮಾತನ್ನು ನೋಡೋಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರೊಮೀಟರ್. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹತ್ತಿಯ ಒಂದು ಎಳೆ ಸುಮಾರು 12ರಿಂದ 20 ಮೈಕ್ರೊಮೀಟರಿನಷ್ಟು ದಪ್ಪವಿರುತ್ತದೆ. ಮೈಕ್ರೊಮೀಟರನ್ನು ಮತ್ತೆ ಸಾವಿರ ಪಾಲು ಮಾಡಿದರೆ ದೊರೆಯುವುದೇ ನ್ಯಾನೊಮೀಟರ್. ವಿದ್ಯುತ್ತಿನಿಂದ ನೂತ ನಾರುಗಳ ದಪ್ಪ ಸಾಮಾನ್ಯವಾಗಿ 50ರಿಂದ 500 ನ್ಯಾನೊಮೀಟರ್. ಆದುದರಿಂದಲೇ ಅವಕ್ಕೆ ನ್ಯಾನೊನಾರು ಎಂದು ಹೆಸರು.

ಇಷ್ಟು ತೆಳುವಾದುದರಿಂದ ಆಗುವ ಪ್ರಯೋಜನವೇನು ಎಂದು ಕೇಳಬಹುದು. ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ನೀರಿನಷ್ಟೇ ಸಾಂದ್ರತೆಯುಳ್ಳ ಒಂದು ಗ್ರಾಮ್ ವಸ್ತುವನ್ನು 100 ನ್ಯಾನೊಮೀಟರ್ ದಪ್ಪದ ಎಳೆಯಾಗಿ ನೂತರೆ ಅದರ ಉದ್ದ ಸುಮಾರು 1,27,000 ಕಿಲೊಮೀಟರ್ ಆಗುತ್ತದೆ. ಅಂದರೆ, ಒಂದು ಗ್ರಾಮಿನ ನೂಲು ಭೂಮಿಯನ್ನು ಮೂರು ಸುತ್ತು ಸುತ್ತಿಯೂ ಮಿಗುತ್ತದೆ. ಅದೇ ವಸ್ತುವನ್ನು 10 ಮೈಕ್ರೊಮೀಟರ್ ದಪ್ಪದ ಸಾಧಾರಣ ನಾರಾಗಿ ಮಾಡಿದರೆ ಅದರ ಮೇಲ್ಮೈ ಒಂದು ಚದರ ಮೀಟರಿನ ಅರ್ಧದಷ್ಟೂ ಇರದು. 100 ನ್ಯಾನೊಮೀಟರಿನ ನಾರಾದರೆ 40 ಚದರ ಮೀಟರ್ ಆಗುತ್ತದೆ. ವಸ್ತು ಅದೇ, ತೂಕವೂ ಅದೇ. ಮೇಲ್ಮೈ ಮಾತ್ರ ನೂರು ಪಟ್ಟು. ಧೂಳನ್ನು ಹಿಡಿಯುವುದು, ಔಷಧವನ್ನು ಹೊರುವುದು, ಜೀವಕೋಶಕ್ಕೆ ಆಸರೆಯಾಗುವುದು ಇವೆಲ್ಲ ಮೇಲ್ಮೈಯಲ್ಲಿ ನಡೆಯುವ ಕೆಲಸಗಳು. ಮೇಲ್ಮೈ ಹೆಚ್ಚಿದಂತೆಲ್ಲ ಈ ಕೆಲಸಗಳು ಸುಲಭವಾಗುತ್ತವೆ.

ಇನ್ನು ನೂಲುವ ವಿಧಾನವನ್ನು ತಿಳಿಯೋಣ. ಪಾಲಿಮರ್ ಎಂಬ ಉದ್ದನೆಯ ಅಣುಸರಪಳಿಗಳುಳ್ಳ ವಸ್ತುವನ್ನು ತಕ್ಕ ದ್ರಾವಕದಲ್ಲಿ ಕರಗಿಸಿ, ಜೇನಿನಂತೆ ಮಂದವಾದ ದ್ರಾವಣವನ್ನು ಮಾಡಿಕೊಳ್ಳುತ್ತಾರೆ. ಅದನ್ನು ಲೋಹದ ಸೂಜಿಯುಳ್ಳ ಪಿಚಕಾರಿಯಲ್ಲಿ ತುಂಬಿ, ಸೂಜಿಗೆ 10ರಿಂದ 30 ಸಾವಿರ ವೋಲ್ಟುಗಳಷ್ಟು ವಿದ್ಯುತ್ ವಿಭವವನ್ನು ಕೊಡುತ್ತಾರೆ. ಸೂಜಿಯ ಮುಂದೆ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಭೂಮಿಗೆ ಜೋಡಿಸಿದ ಲೋಹದ ಫಲಕವಿರುತ್ತದೆ. ಸೂಜಿಯ ತುದಿಯಲ್ಲಿ ಮೂಡಿದ ಹನಿಯನ್ನು ಮೇಲ್ಮೈ ಎಳೆತವು ಗುಂಡಗೆ ಹಿಡಿದಿಡಲು ಯತ್ನಿಸುತ್ತದೆ. ಹನಿಯ ಮೇಲೆ ಸೇರಿದ ವಿದ್ಯುದಾವೇಶಗಳಾದರೋ ಒಂದನ್ನೊಂದು ವಿಕರ್ಷಿಸುತ್ತ ಹೊರಕ್ಕೆ ಸೆಳೆಯುತ್ತವೆ. ವಿಭವವನ್ನು ಹೆಚ್ಚಿಸುತ್ತ ಹೋದಂತೆ ಹನಿ ಶಂಕುವಿನ ಆಕಾರವನ್ನು ತಾಳುತ್ತದೆ. ವಿದ್ಯುತ್ ಬಲವು ಮೇಲ್ಮೈ ಎಳೆತವನ್ನು ಮೀರಿದ ಕ್ಷಣದಲ್ಲಿ ಶಂಕುವಿನ ತುದಿಯಿಂದ ತೆಳುವಾದ ದ್ರವಧಾರೆಯೊಂದು ಚಿಮ್ಮುತ್ತದೆ. ನೀರಾಗಿದ್ದರೆ ಈ ಧಾರೆ ತುಂತುರಾಗಿ ಒಡೆಯುತ್ತಿತ್ತು. ಪಾಲಿಮರಿನ ಸರಪಳಿಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಧಾರೆ ಕಡಿಯದೆ ಎಳೆಯಾಗುತ್ತದೆ. ದಾರಿಯಲ್ಲೇ ದ್ರಾವಕ ಆವಿಯಾಗಿ, ಒಣಗಿದ ನಾರು ಫಲಕದ ಮೇಲೆ ಅಡ್ಡಾದಿಡ್ಡಿಯಾಗಿ ಬಿದ್ದು ಬಿಳಿಯ ಪೊರೆಯಂತೆ ಹರಡುತ್ತದೆ.

ಈ ವಿದ್ಯಮಾನದ ಮೊದಲ ಸುಳಿವು ಬಹಳ ಹಳೆಯದು. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟನು 1600ರಲ್ಲಿ ಪ್ರಕಟಿಸಿದ ಕಾಂತವಿಜ್ಞಾನದ ಗ್ರಂಥದಲ್ಲಿ, ಉಜ್ಜಿದ ಅಂಬರನ್ನು ನೀರಹನಿಯ ಸಮೀಪಕ್ಕೆ ತಂದರೆ ಹನಿ ಶಂಕುವಿನಂತೆ ಮೇಲೇಳುವುದನ್ನು ದಾಖಲಿಸಿದ್ದಾನೆ. ಮುನ್ನೂರು ವರ್ಷಗಳ ಅನಂತರ, 1902ರಲ್ಲಿ, ಕೂಲಿ ಮತ್ತು ಮಾರ್ಟನ್ ಎಂಬಿಬ್ಬರು ಅಮೆರಿಕದಲ್ಲಿ ವಿದ್ಯುತ್ತಿನಿಂದ ನಾರು ತೆಗೆಯುವ ವಿಧಾನಗಳಿಗೆ ಬೇರೆ ಬೇರೆಯಾಗಿ ಪೇಟೆಂಟ್ ಪಡೆದರು. 1934ರಿಂದ ಆಂಟನ್ ಫಾರ್ಮ್‌ಹಾಲ್ಸ್ ಎಂಬಾತನು ಈ ವಿಧಾನದಿಂದ ಜವಳಿ ನೂಲನ್ನು ತಯಾರಿಸುವ ಯಂತ್ರಗಳಿಗಾಗಿ ಒಂದರ ಹಿಂದೊಂದು ಪೇಟೆಂಟುಗಳನ್ನು ಪಡೆದನು. ಆದರೆ ಉಡುಪಿನ ಬಟ್ಟೆಗೆ ಅಗ್ಗವಾದ ಬೇರೆ ನಾರುಗಳು ಇದ್ದಾಗ ಇಷ್ಟು ತೆಳುವಾದ ನೂಲು ಯಾರಿಗೆ ಬೇಕಿತ್ತು? ಅದನ್ನು ನೋಡಬಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಆಗ ಇನ್ನೂ ಶೈಶವದಲ್ಲಿತ್ತು.

ಈ ನಾರಿನ ನಿಜವಾದ ಬೆಲೆಯನ್ನು ಮೊದಲು ಕಂಡುಕೊಂಡವರು ಸೋವಿಯತ್ ವಿಜ್ಞಾನಿಗಳು. ಮಾಸ್ಕೋ ನಗರದ ಕಾರ್ಪೋವ್ ಸಂಸ್ಥೆಯಲ್ಲಿ ಗಾಳಿಯಲ್ಲಿ ತೇಲುವ ಸೂಕ್ಷ್ಮಕಣಗಳ ಅಧ್ಯಯನ ನಡೆಯುತ್ತಿತ್ತು. ಅಲ್ಲಿ 1938ರಲ್ಲಿ ರೋಜೆನ್‌ಬ್ಲುಮ್ ಮತ್ತು ಪೆತ್ರಿಯಾನೋವ್ ಅವರು ವಿದ್ಯುತ್ತಿನಿಂದ ನೂತ ನಾರಿನ ಪದರವು ಹೊಗೆಯ ಕಣಗಳನ್ನು ಅತ್ಯುತ್ತಮವಾಗಿ ತಡೆಯುತ್ತದೆ ಎಂಬುದನ್ನು ಕಂಡರು. ಮರುವರ್ಷವೇ ತ್ವೆರ್ ನಗರದಲ್ಲಿ ಅನಿಲ ಮುಖವಾಡಗಳಿಗಾಗಿ ಈ ಶೋಧಕವಸ್ತುವಿನ ತಯಾರಿಕೆ ಆರಂಭವಾಯಿತು. ಮುಂದೆ ಅದೇ ವಸ್ತುವಿನಿಂದ 'ಲೆಪೆಸ್ತೋಕ್' ಎಂಬ ಹಗುರವಾದ ಮುಖಗವಸು ಸಿದ್ಧವಾಯಿತು. ರಷ್ಯನ್ ಭಾಷೆಯಲ್ಲಿ ಈ ಪದಕ್ಕೆ ಹೂವಿನ ದಳ ಎಂದು ಅರ್ಥ. 1986ರಲ್ಲಿ ಚೆರ್ನೊಬಿಲ್ ಪರಮಾಣು ಸ್ಥಾವರದ ದುರಂತ ಸಂಭವಿಸಿದಾಗ, ವಿಕಿರಣಶೀಲ ಧೂಳಿನ ನಡುವೆ ದುಡಿದ ಕಾರ್ಮಿಕರ ಉಸಿರಿಗೆ ಅಡ್ಡವಾಗಿ ನಿಂತದ್ದು ಈ ದಳಗಳೇ. ಆದರೆ ರಕ್ಷಣಾ ವಿಷಯವಾದುದರಿಂದ ಈ ಜ್ಞಾನ ದೀರ್ಘಕಾಲ ಆ ದೇಶದ ಗಡಿಯೊಳಗೇ ಉಳಿಯಿತು. ಹೊರಗಿನ ಜಗತ್ತು ಅದನ್ನು ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕಾಯಿತು.

ಆ ಕಲಿಕೆ ನಡೆದದ್ದು ವಿಶ್ವವಿದ್ಯಾಲಯಗಳಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಜೆಫ್ರಿ ಟೇಲರ್ 1964ರಲ್ಲಿ ವಿದ್ಯುತ್ ಕ್ಷೇತ್ರದಲ್ಲಿರುವ ಹನಿಯ ಆಕಾರವನ್ನು ಗಣಿತದಿಂದ ವಿವರಿಸಿದರು. ಸಮತೋಲದಲ್ಲಿರುವ ಶಂಕುವಿನ ಅರ್ಧಕೋನ 49.3 ಡಿಗ್ರಿ ಇರುತ್ತದೆಂದು ಅವರು ತೋರಿಸಿಕೊಟ್ಟರು. ಅದು ಇಂದಿಗೂ 'ಟೇಲರ್ ಶಂಕು' ಎಂದೇ ಪ್ರಸಿದ್ಧವಾಗಿದೆ. 1990ರ ದಶಕದಲ್ಲಿ ಅಮೆರಿಕದ ಏಕ್ರನ್ ವಿಶ್ವವಿದ್ಯಾಲಯದ ಡ್ಯಾರೆಲ್ ರೆನೆಕರ್ ಮತ್ತು ಅವರ ಶಿಷ್ಯರು ಹಲವಾರು ಪಾಲಿಮರುಗಳನ್ನು ಈ ವಿಧಾನದಿಂದ ನೂಲಬಹುದೆಂದು ತೋರಿಸಿ, ಮರೆತುಹೋಗಿದ್ದ ವಿದ್ಯೆಗೆ ಮರುಜೀವ ಕೊಟ್ಟರು. ಧಾರೆ ಹೇಗೆ ಅಷ್ಟೊಂದು ತೆಳುವಾಗುತ್ತದೆ ಎಂಬ ಪ್ರಶ್ನೆಗೂ ಅವರ ತಂಡ ಉತ್ತರ ಹುಡುಕಿತು. ಬರಿಗಣ್ಣಿಗೆ ಒಂದು ಧಾರೆ ಹಲವು ಎಳೆಗಳಾಗಿ ಸೀಳಿದಂತೆ ಕಾಣುತ್ತಿತ್ತು. ಅತಿ ವೇಗದ ಕ್ಯಾಮೆರಾದಿಂದ ನೋಡಿದಾಗ ಅಲ್ಲಿರುವುದು ಒಂದೇ ಧಾರೆಯೆಂದೂ, ಅದು ಚಾವಟಿಯಂತೆ ಬಳುಕುತ್ತ ಸುರುಳಿ ಸುರುಳಿಯಾಗಿ ಸುತ್ತುತ್ತದೆಂದೂ ತಿಳಿದುಬಂದಿತು. ಧಾರೆಯ ಮೇಲಿನ ಆವೇಶಗಳು ಒಂದನ್ನೊಂದು ದೂಡುವುದೇ ಈ ಬಳುಕಿಗೆ ಕಾರಣ. ಒಂದು ಗೇಣು ಅಂತರದಲ್ಲಿಯೇ ಧಾರೆಯು ಬಹುದೂರ ಸುತ್ತಿ ಬರುವುದರಿಂದ, ಸೆಕೆಂಡಿನ ಅಲ್ಪಭಾಗದಲ್ಲಿ ಅದು ಸಾವಿರಾರು ಪಟ್ಟು ಹಿಗ್ಗಿ ನ್ಯಾನೊನಾರಾಗುತ್ತದೆ.

ಆದರೆ ಪ್ರಯೋಗಶಾಲೆಯಲ್ಲಿ ಸಾಧ್ಯವಾದುದೆಲ್ಲ ಕಾರ್ಖಾನೆಯಲ್ಲಿ ಸಾಧ್ಯವಾಗುವುದಿಲ್ಲ. ಒಂದು ಸೂಜಿಯಿಂದ ಗಂಟೆಗೆ ದೊರೆಯುವ ನಾರು ಒಂದು ಗ್ರಾಮಿಗಿಂತಲೂ ಕಡಿಮೆ. ಪ್ರಬಂಧ ಬರೆಯಲು ಅಷ್ಟು ಸಾಕು. ಸರಕು ಮಾರಲು ಸಾಲದು. ಹಾಗಾದರೆ ಸಾವಿರ ಸೂಜಿಗಳನ್ನು ಸಾಲಾಗಿ ನಿಲ್ಲಿಸಬಾರದೇಕೆ? ಒಂದರ ಪಕ್ಕದಲ್ಲೊಂದಿರುವ ಸೂಜಿಗಳ ವಿದ್ಯುತ್ ಕ್ಷೇತ್ರಗಳು ಪರಸ್ಪರ ಅಡ್ಡಿಪಡಿಸಿ ಧಾರೆಗಳನ್ನು ಓರೆಯಾಗಿ ತಳ್ಳುತ್ತವೆ. ಮೇಲಾಗಿ, ದ್ರಾವಣ ಒಣಗಿ ಸೂಜಿಗಳು ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತವೆ. ಸಾವಿರ ಸೂಜಿಗಳನ್ನು ದಿನವೂ ಶುಚಿಗೊಳಿಸುತ್ತ ಕುಳಿತರೆ ಯಾವ ಉದ್ಯಮವೂ ನಡೆಯದು.

ಈ ತೊಡಕನ್ನು ಬಿಡಿಸಿದ್ದು ಚೆಕ್ ಗಣರಾಜ್ಯದ ಲಿಬೆರೆಟ್ಸ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ. ಲಿಬೆರೆಟ್ಸ್ ಶತಮಾನಗಳಿಂದ ನೇಕಾರರ ಊರು. ಉಣ್ಣೆಬಟ್ಟೆಯ ಗಿರಣಿಗಳಿಂದ ಸಂಪನ್ನವಾಗಿದ್ದ ಪಟ್ಟಣ. 1953ರಲ್ಲಿ ಅಲ್ಲಿ ಆರಂಭವಾದ ಇಂಜಿನಿಯರಿಂಗ್ ವಿದ್ಯಾಸಂಸ್ಥೆಗೆ 1960ರಲ್ಲಿ ಜವಳಿ ವಿಭಾಗವೂ ಸೇರಿತು. 1989ರ ರಾಜಕೀಯ ಪರಿವರ್ತನೆಯ ಅನಂತರ, ಅಗ್ಗದ ಆಮದು ಬಟ್ಟೆಯ ಪೈಪೋಟಿಯಲ್ಲಿ ಅಲ್ಲಿನ ಹಲವು ಗಿರಣಿಗಳು ಮುಚ್ಚಿಹೋದವು. ನೂಲಿನ ಜ್ಞಾನ ಊರಿನಲ್ಲಿ ಉಳಿದಿತ್ತು. ನೂಲುವ ಕೆಲಸ ಇರಲಿಲ್ಲ. ಇಂತಹ ಸಂದರ್ಭದಲ್ಲಿ ಪ್ರಾಧ್ಯಾಪಕ ಓಲ್ದ್ರಿಖ್ ಯಿರ್ಸಾಕ್ ಮತ್ತು ಅವರ ಸಂಗಡಿಗರು ಸೂಜಿಯನ್ನೇ ತೊರೆದುಬಿಡುವ ಯೋಚನೆ ಮಾಡಿದರು. ದ್ರಾವಣ ತುಂಬಿದ ತೊಟ್ಟಿಯಲ್ಲಿ ಲೋಹದ ಉರುಳೆಯೊಂದನ್ನು ಅರ್ಧ ಮುಳುಗಿಸಿ ನಿಧಾನವಾಗಿ ತಿರುಗಿಸಿದರು. ಉರುಳೆಯ ಮೈಗೆ ದ್ರಾವಣದ ತೆಳು ಪದರ ಹತ್ತಿ ಮೇಲೆ ಬಂದಿತು. ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಆ ಪದರದ ಮೇಲೆ ತಾವಾಗಿಯೇ ಅಲೆಗಳೆದ್ದು, ಅಲೆಯ ನೆತ್ತಿಗಳು ಟೇಲರ್ ಶಂಕುಗಳಾಗಿ, ಒಂದೊಂದರಿಂದಲೂ ಒಂದೊಂದು ಧಾರೆ ಹೊರಟಿತು. ಧಾರೆಗಳ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ದ್ರವವೇ ನಿರ್ಣಯಿಸಿಕೊಂಡಿತು! ಕಟ್ಟಿಕೊಳ್ಳಲು ರಂಧ್ರವೇ ಇರಲಿಲ್ಲ. ಉರುಳೆಯ ಮೇಲ್ಗಡೆ ಸಾಗುವ ಬಟ್ಟೆಯ ಮೇಲೆ ನಾರು ಒಂದೇ ಸಮನೆ ಕೂರುತ್ತ ಹೋಯಿತು. 2003ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದೇ ಊರಿನ ಎಲ್ಮಾರ್ಕೊ ಎಂಬ ಉದ್ಯಮವು ವಿಶ್ವವಿದ್ಯಾಲಯದೊಡನೆ ಕೈಜೋಡಿಸಿ 'ನ್ಯಾನೊಸ್ಪೈಡರ್' ಎಂಬ ಹೆಸರಿನಲ್ಲಿ ಯಂತ್ರಗಳನ್ನು ತಯಾರಿಸಿತು. ಮುಂದೆ ಉರುಳೆಗೆ ಬದಲಾಗಿ ದ್ರಾವಣ ಲೇಪಿಸಿದ ಲೋಹದ ತಂತಿಯನ್ನು ಬಳಸುವ ಸುಧಾರಣೆಯೂ ಬಂದಿತು.

ಯಂತ್ರ ಬಂದ ಮಾತ್ರಕ್ಕೆ ಸಮಸ್ಯೆಗಳು ಮುಗಿಯಲಿಲ್ಲ. ದ್ರಾವಣದಲ್ಲಿ ಪಾಲಿಮರಿನ ಪಾಲು ಹತ್ತರಲ್ಲಿ ಒಂದು ಎಂದಿಟ್ಟುಕೊಂಡರೆ, ಒಂದು ಕಿಲೊಗ್ರಾಮ್ ನಾರು ತಯಾರಾಗುವಾಗ ಒಂಬತ್ತು ಕಿಲೊಗ್ರಾಮ್ ದ್ರಾವಕ ಆವಿಯಾಗುತ್ತದೆ. ನೈಲಾನನ್ನು ಕರಗಿಸುವ ಫಾರ್ಮಿಕ್ ಆಮ್ಲದಂತಹ ದ್ರಾವಕದ ಆವಿ ಕಾರ್ಮಿಕರ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು. ಅದನ್ನು ಹಿಡಿದು ಶುದ್ಧಗೊಳಿಸುವ ವ್ಯವಸ್ಥೆಯಿಲ್ಲದೆ ಕಾರ್ಖಾನೆ ನಡೆಸುವುದು ಅಪರಾಧವೇ ಸರಿ. ಉಸಿರನ್ನು ಕಾಯುವ ಬಟ್ಟೆಯನ್ನು ಬೇರೆಯವರ ಉಸಿರನ್ನು ಕೆಡಿಸಿ ತಯಾರಿಸಬಾರದಷ್ಟೆ. ನೀರಿನಲ್ಲಿ ಕರಗುವ ಪಾಲಿಮರನ್ನು ಬಳಸಿದರೆ ಈ ಭಯವಿಲ್ಲ. ಆದರೆ ಆ ನಾರು ಮತ್ತೆ ನೀರಿನಲ್ಲಿ ಕರಗದಂತೆ ಅದನ್ನು ಶಾಖದಿಂದಲೋ ರಾಸಾಯನಿಕದಿಂದಲೋ ಬಿಗಿಗೊಳಿಸಬೇಕಾಗುತ್ತದೆ. ಗಾಳಿಯ ತೇವ ಹೆಚ್ಚು ಕಡಿಮೆಯಾದರೂ ನಾರಿನ ದಪ್ಪ ಬದಲಾಗುತ್ತದೆ. ಬೆಳಗ್ಗೆ ತಯಾರಾದ ಸರಕಿಗೂ ಸಂಜೆ ತಯಾರಾದ ಸರಕಿಗೂ ವ್ಯತ್ಯಾಸವಿರಬಾರದು ಎಂಬುದು ಉದ್ಯಮದ ನಿಯಮ. ಆದಕಾರಣ ಯಂತ್ರವಿರುವ ಕೋಣೆಯ ತೇವವನ್ನೂ ಉಷ್ಣತೆಯನ್ನೂ ಸದಾ ಹತೋಟಿಯಲ್ಲಿಡುತ್ತಾರೆ.

ಇಷ್ಟು ಶ್ರಮದಿಂದ ಪಡೆದ ನಾರಿನ ಮುಖ್ಯ ಉಪಯೋಗ ಗಾಳಿಯ ಶೋಧನೆಯಲ್ಲಿದೆ. ದಪ್ಪ ನಾರಿನ ಶೋಧಕವು ಸಣ್ಣ ಕಣಗಳನ್ನು ತಡೆಯಬೇಕಾದರೆ ಅದನ್ನು ಒತ್ತೊತ್ತಾಗಿ ಹೆಣೆಯಬೇಕು. ಆಗ ಗಾಳಿಯೂ ಸುಲಭವಾಗಿ ನುಗ್ಗದು. ನ್ಯಾನೊನಾರಿನ ಸ್ವಭಾವವೇ ಬೇರೆ. ಗಾಳಿಯ ಅಣುವೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ ಸುಮಾರು 65 ನ್ಯಾನೊಮೀಟರ್ ದೂರ ಚಲಿಸುತ್ತದೆ. ನಾರಿನ ದಪ್ಪವೂ ಇದಕ್ಕೆ ಸಮೀಪವಾದಾಗ ಗಾಳಿ ಅದರ ಮೈಗೆ ಅಂಟಿ ನಿಲ್ಲದೆ ಜಾರಿಕೊಂಡು ಹೋಗುತ್ತದೆ. ಹೀಗೆ ಕಣ ಸಿಕ್ಕಿಕೊಳ್ಳುತ್ತದೆ, ಗಾಳಿಗೆ ದಾರಿಯಿರುತ್ತದೆ. ಸಾಧಾರಣ ಶೋಧಕದ ಕಾಗದದ ಮೇಲೆ ಚದರ ಮೀಟರಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ನಾರನ್ನು ಹರಡಿದರೂ ಪರಿಣಾಮ ಕಾಣುತ್ತದೆ. ಕಾರ್ಖಾನೆಗಳ ಧೂಳುಶೋಧಕಗಳಲ್ಲಿ, ವಾಹನಗಳ ಇಂಜಿನ್ನುಗಳಲ್ಲಿ, ಮುಖಗವಸುಗಳಲ್ಲಿ ಇಂತಹ ಪದರಗಳು ಬಳಕೆಯಲ್ಲಿವೆ. ನಮ್ಮ ದೇಶದಲ್ಲಿಯೂ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಮೊಳೆತ ಉದ್ಯಮವೊಂದು ಈ ಬಗೆಯ ಯಂತ್ರಗಳ ತಯಾರಿಕೆಯಲ್ಲಿ ತೊಡಗಿತು. 2020ರ ಸಾಂಕ್ರಾಮಿಕದ ದಿನಗಳಲ್ಲಿ ಅದು ಮುಖಗವಸುಗಳನ್ನೂ ತಯಾರಿಸಿತು.

ವೈದ್ಯಕೀಯ ಕ್ಷೇತ್ರದಲ್ಲಿಯೂ ಈ ನಾರಿಗೆ ಎಡೆಯುಂಟು. ನಮ್ಮ ದೇಹದ ಜೀವಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಸೂಕ್ಷ್ಮ ನಾರುಗಳ ಜಾಲದಲ್ಲಿ ನೆಲೆಸಿರುತ್ತವೆ. ಆ ನಾರುಗಳ ಗಾತ್ರವೂ ನ್ಯಾನೊನಾರಿನಷ್ಟೇ. ಆದುದರಿಂದ ದೇಹದೊಳಗೆ ಕ್ರಮೇಣ ಕರಗಿಹೋಗುವ ಪಾಲಿಮರಿನಿಂದ ಇಂತಹ ಜಾಲವನ್ನು ನೂತರೆ, ಜೀವಕೋಶಗಳು ಅದನ್ನು ಆಸರೆಯಾಗಿ ಹಿಡಿದು ಬೆಳೆಯುತ್ತವೆ. ಗಾಯದ ಪಟ್ಟಿಗಳು, ಔಷಧವನ್ನು ಮೆಲ್ಲಮೆಲ್ಲನೆ ಬಿಡುವ ಪೊರೆಗಳು ಈ ತತ್ತ್ವದ ಮೇಲೆ ರೂಪುಗೊಂಡಿವೆ. ಆದರೆ ಇಲ್ಲಿ ಅವಸರ ಸಲ್ಲದು. ದೇಹದೊಳಗೆ ಹೋಗುವ ವಸ್ತುವಿನಲ್ಲಿ ದ್ರಾವಕದ ಅಂಶ ಉಳಿದಿಲ್ಲವೆಂದೂ, ನಾರು ಅಪಾಯಕಾರಿಯಲ್ಲವೆಂದೂ ದೀರ್ಘ ಪರೀಕ್ಷೆಗಳಿಂದ ಸಿದ್ಧಪಡಬೇಕು.

ಗಿಲ್ಬರ್ಟನ ನೀರಹನಿಯಿಂದ ಲಿಬೆರೆಟ್ಸಿನ ಯಂತ್ರದವರೆಗೆ ನಾಲ್ಕು ಶತಮಾನಗಳು ಕಳೆದವು. ಒಬ್ಬನು ಕಂಡದ್ದನ್ನು ಇನ್ನೊಬ್ಬನು ಅಳೆದನು. ಮತ್ತೊಬ್ಬನು ಅದಕ್ಕೆ ಉಪಯೋಗ ಕಂಡುಹಿಡಿದನು. ಗುಟ್ಟಾಗಿ ಇಟ್ಟಲ್ಲಿ ಜ್ಞಾನ ನಿಂತ ನೀರಾಯಿತು. ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದಾಗ ಹರಿಯತೊಡಗಿತು. ಗಣಿತಜ್ಞನ ಕೋನ, ರಸಾಯನಶಾಸ್ತ್ರಜ್ಞನ ದ್ರಾವಣ, ಇಂಜಿನಿಯರನ ಉರುಳೆ, ನೇಕಾರರ ಊರಿನ ಅನುಭವ ಇವೆಲ್ಲ ಕೂಡಿದಾಗ ಮಾತ್ರ ಸರಕು ಸಿದ್ಧವಾಯಿತು. ಪ್ರಯೋಗಶಾಲೆಗೂ ಕಾರ್ಖಾನೆಗೂ ನಡುವೆ ಇರುವ ದಾರಿ ಉದ್ದವಾದುದು. ಅದನ್ನು ತಾಳ್ಮೆಯಿಂದ ನಡೆಯಬಲ್ಲವರ ಕೈಯಲ್ಲಿ ಮಾತ್ರ ವಿಜ್ಞಾನವು ಜನರ ನಿತ್ಯಜೀವನಕ್ಕೆ ನೆರವಾಗುತ್ತದೆ.