ಫಿಟ್ಸ್ ಮಾತ್ರೆ ಮೆದುಳಿಗೆ ತಲುಪಿತಾ? ಅಳೆಯೋಕೆ ಒಂದು ದಾರಿ

ಫಿಟ್ಸ್‌ಗೆ ಮಾತ್ರೆ ಶುರುವಾದ ಮನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಮಾತ್ರೆ ಕೆಲಸ ಮಾಡ್ತಿದೆಯಾ? ಉತ್ತರಕ್ಕೆ ಕಾಯಲೇಬೇಕು. ಮತ್ತೆ ಫಿಟ್ಸ್ ಬಂದರೆ ಇಲ್ಲ, ಬರದಿದ್ದರೆ ಬಹುಶಃ ಹೌದು. ಪ್ರೊಡಕ್ಷನ್‌ನಲ್ಲೇ ಟೆಸ್ಟ್ ಮಾಡಿದ ಹಾಗೆ!

ಕಾಯದೆ ಅಳೆಯೋಕೆ ಸಂಶೋಧಕರು ಬಳಸೋ ಒಂದು ಸಾಧನ ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ತಲೆಯ ಮೇಲೆ ತಾಮ್ರದ ಕಾಯಿಲ್ ಹಿಡಿದು, ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿಸ್ತಾರೆ. ಅದರ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮೆದುಳಿನಲ್ಲಿ ಪುಟ್ಟ ವಿದ್ಯುತ್ ಪ್ರವಾಹ ಹುಟ್ಟಿಸುತ್ತೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ. ಕೈಯನ್ನು ನಿಯಂತ್ರಿಸುವ ಜಾಗಕ್ಕೆ ಕೊಟ್ಟರೆ ಬೆರಳು ತಾನಾಗೇ ಮಿಡಿಯುತ್ತೆ.

ಹಾಗೆ ಮಿಡಿಯೋಕೆ ಬೇಕಾದ ಕನಿಷ್ಠ ತೀವ್ರತೆಗೆ ಮೋಟಾರ್ ಥ್ರೆಶೋಲ್ಡ್ ಅಂತಾರೆ. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ, ಸೋಡಿಯಂ ಚಾನೆಲ್ ತಡೆಯುವ ಔಷಧಿ ತಗೊಂಡರೆ ಅದು ಏರುತ್ತೆ. ಅಂದ್ರೆ ನರಕೋಶಗಳು ಸುಲಭಕ್ಕೆ ಕೆರಳಲ್ಲ. ಇನ್ನೊಂದು ವಿಧಾನದಲ್ಲಿ, 2–3 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಪಲ್ಸ್ ಕೊಡ್ತಾರೆ. ದುರ್ಬಲವಾದ ಮೊದಲನೆಯದು ಎರಡನೆಯದರ ಪರಿಣಾಮವನ್ನು ಎಷ್ಟು ತಗ್ಗಿಸಿತು ಅಂತ ನೋಡಿದರೆ, ಮೆದುಳಿನ ಬ್ರೇಕ್ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ.

ಆದರೆ ಥ್ರೆಶೋಲ್ಡ್ ಏರಿದ ಮಾತ್ರಕ್ಕೆ ಫಿಟ್ಸ್ ನಿಂತಿತು ಅಂತಲ್ಲ. ಔಷಧಿ ಮೆದುಳನ್ನು ಮುಟ್ಟಿದೆ ಅಂತಷ್ಟೇ. ಈ ಅಂಕಿ ಒಬ್ಬರಿಂದೊಬ್ಬರಿಗೆ ತುಂಬಾ ಬದಲಾಗುತ್ತೆ, ಹಾಗಾಗಿ ಅದೇ ವ್ಯಕ್ತಿಯ ಮೊದಲಿನ ಅಳತೆ ಜೊತೆಗೇ ಹೋಲಿಸಬೇಕು. ಅಪರೂಪಕ್ಕೆ ಟಿಎಂಎಸ್‌ನಿಂದಲೇ ಫಿಟ್ಸ್ ಬರಬಹುದು, ಅದಕ್ಕೇ ತಜ್ಞರ ಎದುರೇ ಮಾಡೋದು.

ಫಿಟ್ಸ್ ನಿಂತು ತಿಂಗಳುಗಳಾದವು ಅಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಹೊರಗೆ ಕಾಣದ ಆ ಬ್ರೇಕ್ ಹಿಡಿದಿರೋದು ಅದೇ ಇರಬಹುದು.